ಹನ್ನೊಂದು ಆರೋಪಿ, ಒಂದು ಟ್ರ್ಯಾಕ್ಟರ್, ಇಬ್ಬರು ವಕೀಲರು: ಕಲಬುರಗಿಯಿಂದ ಒಂದು ರಿವ್ಯೂ

ಯಾವ ಖಾನಾವಳಿಯಲ್ಲಿ ಎಣ್ಣಿಗಾಯಿ ಚೆನ್ನಾಗಿದೆ ಅಂತ ಕೇಳಿದರೆ ಕಲಬುರಗಿಯಲ್ಲಿ ಐವತ್ತು ಜನ ಬರೆಯುತ್ತಾರೆ. ಯಾವ ವಕೀಲರು ಹೇಗೆ ಅಂತ ಕೇಳಿ ನೋಡಿ, ಎಲ್ಲರೂ ಗಪ್‌ಚುಪ್. ಹೋದ ವರ್ಷ ನನಗೆ ಬೇಕಾಗಿದ್ದಾಗ ಒಂದು ಸಾಲೂ ಸಿಗಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇಬ್ಬರ ಹೆಸರೂ ಹಾಕುವುದಿಲ್ಲ. ಮೊದಲನೆಯವರದ್ದು ಹಾಕಿದರೆ ಇನ್ನೊಂದು ಕೇಸ್ ಆಗುತ್ತದೆ. ಎರಡನೆಯವರು ತಾವೇ ಬೇಡ ಎಂದರು. ವಕೀಲರು ಜಾಹೀರಾತು ಮಾಡುವಂತಿಲ್ಲ, ಬಾರ್ ಕೌನ್ಸಿಲ್ ನಿಯಮ ಇದೆ, "ನೀವು ಹೊಗಳಿ ಬರೆದ್ರ ನಾನೇ ಬರೆಸೀನಿ ಅಂತಾರ್ರಿ" ಎಂದರು. ಹಾಗಾಗಿ ಇದು ವಿಳಾಸ ಇಲ್ಲದ ರಿವ್ಯೂ. ಆದರೆ ನಿಮ್ಮ ಮನೆಯವರ ಹೆಸರು ಅಕ್ರಮ ಕೂಟದ, ಅಂದರೆ ಐದು ಅಥವಾ ಜಾಸ್ತಿ ಜನ ಕಾನೂನು ಒಪ್ಪದ ಉದ್ದೇಶಕ್ಕೆ ಸೇರಿದರು ಅನ್ನುವ ಕೇಸಿನಲ್ಲಿ ಬಂದಿದ್ದರೆ ಎಂಥ ಆಫೀಸಿನಲ್ಲಿ ಕೂರಬೇಕು, ಎಂಥ ಆಫೀಸಿನಿಂದ ಎದ್ದು ಬರಬೇಕು ಅನ್ನುವುದಕ್ಕೆ ಉಪಯೋಗಕ್ಕೆ ಬಂದೀತು.

ನಡೆದದ್ದು ಇಷ್ಟು. ನಮ್ಮ ಊರು ಜೇವರ್ಗಿ ಕಡೆ, ಭೀಮಾ ದಾಟಿ ಹೋಗಬೇಕು. ನಾನು ಇಲ್ಲಿ ಶಹರದಲ್ಲಿ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ, ತಮ್ಮ ಊರಲ್ಲೇ ಇದ್ದಾನೆ, ಟ್ರ್ಯಾಕ್ಟರ್ ಇಟ್ಟಿದ್ದಾನೆ, ಬಾಡಿಗೆಗೆ ಹೊಡೆಯುತ್ತಾನೆ. 2025ರ ಜನವರಿ, ತೊಗರಿ ರಾಶಿಯ ದಿನಗಳು. ನಮ್ಮ ಕಾಕಾನ ಹೊಲಕ್ಕೆ ಹೋಗುವ ಬಂಡಿ ದಾರಿಗೆ ಪಕ್ಕದ ಹೊಲದವರು ಜಾಲಿ ಮುಳ್ಳು ಹಚ್ಚಿದ್ದರು. ರಾಶಿ ಮಷಿನ್ ಒಳಗೆ ಹೋಗಬೇಕು, ದಾರಿ ಇಲ್ಲ. ಕಾಕಾ ಎರಡು ದಿನ ಹಿರಿಯರ ಮುಂದೆ ಕೂತು ಎದ್ದರು, ಕೆಲಸ ಆಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಮಂದಿ ಕೂಡಿಸಿದರು, ಮುಳ್ಳು ತೆಗೆದೇಬಿಡೋಣ ನಡೀರಿ ಎಂದರು, ತಮ್ಮನ ಟ್ರಾಲಿಯಲ್ಲಿ ಹತ್ತು ಜನ ಹತ್ತಿಕೊಂಡು ಹೋದರು. ಮುಳ್ಳು ಕಡಿಯಲು ಕೊಡಲಿ, ಎಳೆಯಲು ಬಡಿಗೆ, ಇವು ಟ್ರಾಲಿಯಲ್ಲಿದ್ದವು. ರೈತರ ಟ್ರಾಲಿಯಲ್ಲಿ ಇರುವ ಸಾಮಾನು ಅವು, ಯಾವ ದಿನ ನೋಡಿದರೂ ಇರುತ್ತವೆ.

ಅಲ್ಲಿ ಮಾತಿಗೆ ಮಾತು ಬೆಳೆಯಿತು. ಆ ಕಡೆಯವರೂ ಏಳೆಂಟು ಜನ ಬಂದರು. ಯಾರೋ ನೂಕಿದರು, ಯಾರೋ ಬಿದ್ದರು, ಕಾಕಾನ ದೊಡ್ಡ ಮಗ ಕೊಡಲಿ ತಿರುವಿ ಅದರ ಹಿಂಬದಿಯಿಂದ ಒಬ್ಬರ ಕೈಗೆ ಹೊಡೆದ. ಎಲ್ಲಾ ಸೇರಿ ಹತ್ತು ನಿಮಿಷದ ಆಟ. ನನ್ನ ತಮ್ಮ ಟ್ರ್ಯಾಕ್ಟರ್ ಸೀಟಿನಿಂದ ಇಳಿದಿರಲಿಲ್ಲ. ಹೊಡೆತ ಬಿದ್ದದ್ದು ನೋಡಿ ಹೆದರಿ, ಮಂದಿಯನ್ನೂ ಹತ್ತಿಸಿಕೊಳ್ಳದೆ ಖಾಲಿ ಟ್ರಾಲಿ ತಿರುಗಿಸಿಕೊಂಡು ಊರಿಗೆ ಬಂದ. ಅವತ್ತು ಎಲ್ಲರೂ ಅವನಿಗೆ ಹೇಡಿ ಅಂತ ಬೈದರು.

ಸಂಜೆಗೆ ಎಫ್‌ಐಆರ್. ಹನ್ನೊಂದು ಹೆಸರು, ತಮ್ಮನದು ಒಂಬತ್ತನೆಯದು. ನಮ್ಮ ಕಡೆ ಈ ಬರಹ ಎಲ್ಲರಿಗೂ ಬಾಯಿಪಾಠ: ಅಕ್ರಮ ಕೂಟ ಕಟ್ಟಿಕೊಂಡು, ಕೈಯಲ್ಲಿ ಕೊಡಲಿ ಬಡಿಗೆ ಹಿಡಿದುಕೊಂಡು ಬಂದು, ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಜೀವದ ಬೆದರಿಕೆ ಹಾಕಿದ್ದು ಇರುತ್ತದೆ. ಮೊದಲು ಇದಕ್ಕೆ 143, 147, 148, 323, 324, 504, 506 ಸಂಗಡ 149 ಐಪಿಸಿ ಅಂತ ಹಾಕುತ್ತಿದ್ದರು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆಯಲ್ಲ, ಈಗ 189(2), 191(2), 191(3), 115(2), 118(1), 352, 351(2) ಸಂಗಡ 190 ಬಿಎನ್‌ಎಸ್. ನಂಬರ್ ಬದಲಾಗಿದೆ, ಹಾಡು ಅದೇ.

ಈ ಪಟ್ಟಿಯಲ್ಲಿ ಇಲ್ಲದಿದ್ದರೂ ಪೇಟೆ ತುಂಬ ತಪ್ಪು ತಿಳುವಳಿಕೆ ಇರುವ ನಂಬರ್ ಒಂದಿದೆ, 144. "ಊರಾಗ 144 ಹಾಕ್ಯಾರ" ಅನ್ನುವ 144 ಬೇರೆ, ಅದು ಹಳೆಯ ಸಿಆರ್‌ಪಿಸಿಯದು, ಅಂದರೆ ಪೊಲೀಸರು, ಕೋರ್ಟು ನಡೆದುಕೊಳ್ಳಬೇಕಾದ ಕ್ರಮದ ಕಾನೂನಿನದು, ಜನ ಸೇರಬೇಡಿ ಅಂತ ಮ್ಯಾಜಿಸ್ಟ್ರೇಟ್ ಮೊದಲೇ ಹೊರಡಿಸುವ ಆದೇಶ. ಈಗ ಅದು ಸಿಆರ್‌ಪಿಸಿಯ ಬದಲು ಬಂದ ನಾಗರಿಕ ಸುರಕ್ಷಾ ಸಂಹಿತೆಯ 163. ಐಪಿಸಿಯ 144 ಅಂದರೆ ಮಾರಕ ಆಯುಧ ಹಿಡಿದು ಅಕ್ರಮ ಕೂಟ ಸೇರಿದ ಅಪರಾಧ, ಈಗ 189(4), ಎರಡು ವರ್ಷ. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬ ಮಾವ ಎರಡನ್ನೂ ಕೂಡಿಸಿ ಒಂದು ಗಂಟೆ ಪ್ರವಚನ ಕೊಟ್ಟರು. ಯಾರೂ ತಿದ್ದಲಿಲ್ಲ, ಹಿರಿಯರು ಅಂತ.

ಮೊದಲಿಗೆ ನಮಗೆ ಅಷ್ಟೇನೂ ಭಯ ಇರಲಿಲ್ಲ. 189(2) ಅಂದರೆ ಅಕ್ರಮ ಕೂಟದ ಸದಸ್ಯ ಆಗಿದ್ದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. 191(2) ದೊಂಬಿ, ಎರಡು ವರ್ಷದವರೆಗೆ. ಎರಡಕ್ಕೂ ಜಾಮೀನು ಸಿಗುತ್ತದೆ. ಮೂರನೇ ದಿನ ಎಕ್ಸ್‌ರೇ ಬಂತು. ಮುಂಗೈ ಮೂಳೆ ಮುರಿದಿದೆ. ಮೂಳೆ ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯ, ಆಯುಧದಿಂದ ಆದರೆ 118(2). ಕನಿಷ್ಠ ಒಂದು ವರ್ಷ, ಹೆಚ್ಚೆಂದರೆ ಹತ್ತು ವರ್ಷ ಅಥವಾ ಜೀವಾವಧಿ, ಮೇಲೆ ದಂಡ. ಜಾಮೀನುರಹಿತ. ಹೊಡೆದದ್ದು ಒಬ್ಬ, ಆದರೆ ಕೊನೆಯಲ್ಲಿ "ಸಂಗಡ 190" ಇದೆಯಲ್ಲ, ಅದರಿಂದ ಹನ್ನೊಂದೂ ಜನರ ತಲೆಗೆ ಅದೇ 118(2). ಸ್ಟೀರಿಂಗ್ ಹಿಡಿದು ಕೂತವನಿಗೂ. ಅವತ್ತು ರಾತ್ರಿ ತಮ್ಮ ಕಲಬುರಗಿಗೆ ಬಂದ, ಅವ್ವನ ಫೋನ್ ಹತ್ತು ಸಲ ಬಂತು, ಮರುದಿನ ಬೆಳಿಗ್ಗೆ ನಾನು ವಕೀಲರನ್ನು ಹುಡುಕಿಕೊಂಡು ಹೊರಟೆ.

ಮೊದಲನೆಯವರ ಆಫೀಸು ನೋಡಿದರೆ ಐದು ಸ್ಟಾರ್ ಕೊಡಬೇಕು. ಎಸಿ, ಗಾಜಿನ ಬಾಗಿಲು, ಗೋಡೆ ತುಂಬ ಕೆಂಪು ಬೈಂಡಿಂಗಿನ ಪುಸ್ತಕ, ಚಹಾ ಕೂಡ ಕೊಟ್ಟರು. ಕಾಕಾನೂ ಬಂದಿದ್ದರು. ವಕೀಲ ಸಾಹೇಬರು ಕೇಳಿದ ಮೊದಲ ಪ್ರಶ್ನೆ: "ಒಟ್ಟು ಎಷ್ಟು ಮಂದಿ?" ಹನ್ನೊಂದು ಎಂದೆವು. "ತಲೆಗೆ ಹದಿನೈದು ಸಾವಿರ." ಎರಡನೇ ಪ್ರಶ್ನೆ ಇರಲಿಲ್ಲ. ನಾನು ಲೆಕ್ಕ ಬರೆಯುವವನು, ತಕ್ಷಣ ತಲೆಯಲ್ಲಿ 1,65,000 ಮೂಡಿತು. ಎಫ್‌ಐಆರ್ ನಕಲು ಟೇಬಲ್ ಮೇಲಿಟ್ಟೆ, ಅವರು ಕಲಂ ಬರೆದ ಸಾಲು ಮಾತ್ರ ನೋಡಿದರು. ಒಳಗೆ ಯಾರ ಮೇಲೆ ಏನು ಬರೆದಿದೆ ಅಂತ ಓದಲೇ ಇಲ್ಲ. ತಮ್ಮ ಏನೋ ಹೇಳಲು ಬಾಯಿ ತೆರೆದ. "ಎಲ್ಲಾ ಒಂದೇ ಕೇಸಪಾ, ಒಂದೇ ಅರ್ಜಿ ಸಾಕು" ಎಂದು ಅವನನ್ನು ಸುಮ್ಮನಾಗಿಸಿದರು.

ಅರ್ಜಿ ತಯಾರಾಯಿತು. ಅದರಲ್ಲಿ ಏನು ಬರೆದಿದ್ದರು ಗೊತ್ತಾ? ಈ ಹನ್ನೊಂದು ಜನ ಅವತ್ತು ಆ ಜಾಗಕ್ಕೆ ಹೋಗಿಯೇ ಇಲ್ಲ, ಹಳೆ ದ್ವೇಷದಿಂದ ಸುಳ್ಳು ಹೆಸರು ಹಾಕಿಸಿದ್ದಾರೆ ಅಂತ. ಅಯ್ಯೋ, ಆ ಕಡೆಯವರ ಹುಡುಗ ಮೊಬೈಲಲ್ಲಿ ವಿಡಿಯೋ ತೆಗೆದಿದ್ದಾನೆ, ಟ್ರ್ಯಾಕ್ಟರ್ ನಂಬರ್ ಸಮೇತ ಕಾಣುತ್ತದೆ, ಪೊಲೀಸರು ಪಂಚನಾಮೆ ಮಾಡಿ ಟ್ರ್ಯಾಕ್ಟರ್ ಜಪ್ತಿ ಮಾಡಿದ್ದಾರೆ! ಇದನ್ನು ಹೇಳಿದರೆ "ಅದು ಆಮ್ಯಾಲ ನೋಡೋಣ" ಎಂದರು. ಇನ್ನೊಂದು ತಮಾಷೆ, ನಿರೀಕ್ಷಣಾ ಜಾಮೀನಿಗೆ, ಅಂದರೆ ಹಿಡಿಯುವ ಮೊದಲೇ ಪಡೆಯುವ ಜಾಮೀನಿಗೆ, ಈಗ ಸುರಕ್ಷಾ ಸಂಹಿತೆಯ 482 ಹಾಕಬೇಕು. ಇವರ ಟೈಪಿಸ್ಟ್ ಹಳೆ ಅರ್ಜಿಯನ್ನೇ ಕಾಪಿ ಹೊಡೆದು ಸಿಆರ್‌ಪಿಸಿ 438, ಐಪಿಸಿ 326 ಅಂತ ಬಿಟ್ಟಿದ್ದ. ಕೋರ್ಟ್ ಆಫೀಸಿನವರು ಆಕ್ಷೇಪಣೆ ಹಾಕಿ ವಾಪಸ್ ಕೊಟ್ಟರು. ಪೊಲೀಸರು ಊರಲ್ಲಿ ಮನೆಮನೆಗೆ ಬರುತ್ತಿದ್ದಾರೆ, ನಮ್ಮ ಅರ್ಜಿ ನಂಬರ್ ತಿದ್ದಿಸಿಕೊಳ್ಳಲು ತಿರುಗುತ್ತಿದೆ. ನಾಲ್ಕು ದಿನ ಹೀಗೇ ಹೋಯಿತು.

ಐದನೇ ದಿನ ನಮ್ಮ ಮಿಲ್ಲಿನ ಹಮಾಲರೊಬ್ಬರು ಇನ್ನೊಬ್ಬ ವಕೀಲರ ಹೆಸರು ಹೇಳಿದರು. ಹಳೆ ಕಟ್ಟಡದ ಮೇಲಿನ ಒಂದು ಕೋಣೆ. ಫ್ಯಾನ್ ಇದೆ, ತಿರುಗಿದರೆ ಕಾಗದ ಹಾರುತ್ತದೆ ಅಂತ ಬಂದ್ ಇಟ್ಟಿರುತ್ತಾರೆ. ಚಹಾ ಕೊಡಲಿಲ್ಲ. ನಮ್ಮನ್ನು ಕೂರಿಸಿ, ಪೆನ್ಸಿಲ್ ಹಿಡಿದು ಎಫ್‌ಐಆರ್ ಪೂರ್ತಿ ಓದಿದರು. ಎಷ್ಟು ಮಂದಿ ಅಂತ ಕೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ತಮ್ಮನನ್ನೇ ಕೇಳಿದರು: "ನಿನಗ ಯಾರು ಕರದ್ರು? ಬಾಡಿಗಿ ಮಾತಾಡಿದ್ರೇನು? ಕೊಡಲಿ ಎಲ್ಲಿತ್ತು, ಯಾರು ಹತ್ತಿಸಿದ್ರು? ನೀ ಎಲ್ಲಿ ಇದ್ದಿ? ಹೊಡತ ಬಿದ್ದ ಮ್ಯಾಲ ಏನು ಮಾಡಿದಿ?" ಆ ಕೊನೆಯ ಪ್ರಶ್ನೆಗೆ ತಮ್ಮ ತಲೆ ತಗ್ಗಿಸಿ, ಓಡಿ ಬಂದೆ ಸರ್ ಎಂದ. ವಕೀಲರು ಪೆನ್ಸಿಲ್ಲಿಂದ ಒಂದು ಗೆರೆ ಎಳೆದರು. "ಛಲೋ ಮಾಡಿದಿ" ಎಂದರು. ಊರೆಲ್ಲ ಹೇಡಿ ಅಂದದ್ದನ್ನು ಛಲೋ ಅಂದ ಮೊದಲ ಮನುಷ್ಯ.

ಆಮೇಲೆ ಅರ್ಧ ಗಂಟೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ಐದು ಜನ ಅಥವಾ ಜಾಸ್ತಿ ಸೇರಿದ ಮಾತ್ರಕ್ಕೆ ಅಕ್ರಮ ಕೂಟ ಆಗುವುದಿಲ್ಲ. ಹಾಗಾಗಿದ್ದರೆ ಶರಣಬಸವೇಶ್ವರರ ಜಾತ್ರೆಯಲ್ಲಿ ತೇರು ಎಳೆಯುವವರೆಲ್ಲ ಒಳಗಿರಬೇಕಿತ್ತು. ಶಾಂತವಾಗಿ, ಆಯುಧ ಇಲ್ಲದೆ ಸೇರುವುದು ಸಂವಿಧಾನವೇ ಕೊಟ್ಟ ಹಕ್ಕು. ಕಾನೂನು ನೋಡುವುದು ಎಲ್ಲರಿಗೂ ಇರುವ ಸಮಾನ ಉದ್ದೇಶ ಏನು ಅಂತ, ಮತ್ತು ಅಂಥ ಐದು ಉದ್ದೇಶಗಳನ್ನು 189(1)ರಲ್ಲಿ ಬರೆದಿದೆ. ಸರ್ಕಾರವನ್ನೋ ಅಧಿಕಾರಿಯನ್ನೋ ಬಲದಿಂದ ಬೆದರಿಸುವುದು, ಕಾನೂನು ಜಾರಿಯಾಗದಂತೆ ತಡೆಯುವುದು, ಆಸ್ತಿ ಹಾಳು ಮಾಡುವುದು ಅಥವಾ ಅತಿಕ್ರಮ ಪ್ರವೇಶದಂಥ ಅಪರಾಧ, ಯಾರನ್ನಾದರೂ ಮಾಡಬೇಕಿಲ್ಲದ್ದನ್ನು ಮಾಡು ಅಂತ ಬಲವಂತ ಮಾಡುವುದು. ಇನ್ನೊಂದಿದೆ, ಅದು ನಮ್ಮ ಹಳ್ಳಿಗಳಿಗೇ ಹೊಲಿಸಿದ ಅಂಗಿಯ ಹಾಗೆ: ಬಲ ಹಾಕಿ ಆಸ್ತಿ ವಶಪಡಿಸಿಕೊಳ್ಳುವುದು, ದಾರಿಯ ಹಕ್ಕು ಅಥವಾ ನೀರಿನ ಹಕ್ಕು ತಪ್ಪಿಸುವುದು, ಇಲ್ಲವೇ ತನಗೆ ಇರುವ, ಇದೆ ಅಂತ ತಾನು ತಿಳಿದ ಹಕ್ಕನ್ನು ಜಾರಿ ಮಾಡಿಸುವುದು.

ಕಾಕಾ ಆಫೀಸಿಂದ ಆಫೀಸಿಗೆ ಹೇಳುತ್ತಿದ್ದದ್ದು ಒಂದೇ, ದಾರಿ ನಮ್ಮದೇ, ನಮ್ಮ ಅಪ್ಪನ ಕಾಲದಿಂದ ಬಂಡಿ ಹೋಗುತ್ತಿತ್ತು ಅಂತ. ಇರಬಹುದು. ಆದರೆ ಹಕ್ಕು ನಿಜ ಇದ್ದರೂ ಅದನ್ನು ಹತ್ತು ಜನ ಸೇರಿ ಬಲದಿಂದ ಪಡೆಯಲು ಹೋದರೆ ಕೂಟ ಅಕ್ರಮ ಆಗುತ್ತದೆ. ಇದು ನನಗೂ ಗೊತ್ತಿರಲಿಲ್ಲ. ಮುಳ್ಳು ಹಚ್ಚಿ ದಾರಿ ಬಂದ್ ಮಾಡಿದ ಆ ಕಡೆಯವರೂ ಏಳೆಂಟು ಜನ ನಿಂತು ಕೈ ಮಾಡಿದ್ದರೆ ಅವರದ್ದೂ ಅಕ್ರಮ ಕೂಟವೇ, ಅದಕ್ಕೇ ನಮ್ಮ ಕಡೆಯಿಂದಲೂ ಒಂದು ದೂರು ಕೊಟ್ಟಿದ್ದೇವೆ. ಇನ್ನೊಂದು ಮಾತು, ಸೇರುವಾಗ ಸರಿ ಇದ್ದ ಕೂಟ ಆಮೇಲೆ ಅಕ್ರಮ ಆಗಬಹುದು ಅಂತ ಕಾನೂನಿನಲ್ಲೇ ಬರೆದಿದೆ. ಗೊತ್ತಿದ್ದೂ ಸೇರಿಕೊಂಡವನು ಸದಸ್ಯ, ಗೊತ್ತಾದ ಮೇಲೂ ಅಲ್ಲೇ ಉಳಿದವನೂ ಸದಸ್ಯ. ಹೊಡೆತ ಬಿದ್ದ ಮೇಲೆ ಏನು ಮಾಡಿದಿ ಅನ್ನುವ ಪ್ರಶ್ನೆಯ ಬೆಲೆ ನನಗೆ ಆಗ ಗೊತ್ತಾಯಿತು.

ಈಗ 190. ಇದೇ ಇಡೀ ಕೇಸಿನ ಜೀವ. ಕೂಟದ ಒಬ್ಬ ಸದಸ್ಯ ಅಪರಾಧ ಮಾಡಿದರೆ, ಆ ಹೊತ್ತಿಗೆ ಕೂಟದಲ್ಲಿ ಇದ್ದ ಎಲ್ಲರೂ ಆ ಅಪರಾಧ ಮಾಡಿದವರೇ. ಆದರೆ ಇದಕ್ಕೆ ಎರಡು ಬಾಗಿಲಿವೆ. ಒಂದೋ ಆ ಅಪರಾಧ ಸಮಾನ ಉದ್ದೇಶ ಸಾಧಿಸಲು ನಡೆದಿರಬೇಕು, ಅಥವಾ ಹೀಗೆ ಆಗುವ ಸಂಭವ ಇದೆ ಅಂತ ಸದಸ್ಯರಿಗೆ ಗೊತ್ತಿರಬೇಕು. ಮುಳ್ಳು ತೆಗೆಯುವುದು ಉದ್ದೇಶ. ಕೈ ಮುರಿಯುವುದು ಅದರಲ್ಲಿ ಬರುತ್ತದಾ? ಆ ಕಡೆಯವರು ಅಡ್ಡ ಬರುತ್ತಾರೆ, ಕೊಡಲಿ ಇದೆ, ಏನಾದರೂ ಆಗಬಹುದು ಅಂತ ಕಾಕಾಗೆ ಗೊತ್ತಿತ್ತು ಅನ್ನಬಹುದು. ಬಾಡಿಗೆಗೆ ಬಂದ ಡ್ರೈವರನಿಗೆ ಗೊತ್ತಿತ್ತಾ? ಇಲ್ಲಿ ಒಬ್ಬೊಬ್ಬರ ಉತ್ತರ ಬೇರೆ ಬೇರೆ. ಹನ್ನೊಂದು ಜನರನ್ನು ಕಾನೂನು ಒಂದೇ ಹಗ್ಗದಲ್ಲಿ ಕಟ್ಟಿದೆ, ಆ ಹಗ್ಗದ ಒಂದೊಂದು ಗಂಟು ಬೇರೆ ಬೇರೆ ಬಿಚ್ಚಬೇಕು, ಆದರೆ ಮೊದಲನೇ ವಕೀಲರು ಒಂದೇ ಅರ್ಜಿ ಹಾಕಿ ಅದರ ಮೇಲೆ ಇನ್ನೊಂದು ಗಂಟು ಹಾಕಿದ್ದರು.

ಸುಪ್ರೀಂ ಕೋರ್ಟಿನ ಎರಡು ತೀರ್ಪು ಹೇಳಿದರು, ಹೆಸರು ನಾನು ಚೀಟಿಯಲ್ಲಿ ಬರೆದುಕೊಂಡೆ. 1956ರ ಬಲಾದಿನ್ ಕೇಸು: ಗುಂಪಿನಲ್ಲಿ ಸುಮ್ಮನೆ ಇದ್ದ ಮಾತ್ರಕ್ಕೆ ಸದಸ್ಯ ಆಗುವುದಿಲ್ಲ. 1964ರ ಮಸಾಲ್ತಿ ಕೇಸು: ಉತ್ತರ ಪ್ರದೇಶದ್ದೇ, ದೊಡ್ಡ ಕೊಲೆ ಪ್ರಕರಣ. ಅದರಲ್ಲಿ ಕೋರ್ಟು, ಪ್ರತಿಯೊಬ್ಬನೂ ಏನಾದರೂ ಕೈ ಮಾಡಿದ ಅಂತ ತೋರಿಸಬೇಕಾಗಿಲ್ಲ, ಸಮಾನ ಉದ್ದೇಶ ಇಟ್ಟುಕೊಂಡು ಕೂಟದಲ್ಲಿ ಇದ್ದರೆ ಸಾಕು ಎಂದಿತು. ಹಾಗಾದರೆ ನಮ್ಮ ಕಥೆ ಮುಗಿಯಿತಲ್ಲ ಎಂದೆ. ಇಲ್ಲ, ಕುತೂಹಲಕ್ಕೆ ನಿಂತು ನೋಡುವವರು ಬೇರೆ ಅನ್ನುವುದನ್ನು ಮಸಾಲ್ತಿಯೂ ಬಿಟ್ಟುಕೊಟ್ಟಿಲ್ಲ, ಜೊತೆಗೆ ಆರೋಪಿಗಳೂ ಸಾಕ್ಷಿಗಳೂ ಜಾಸ್ತಿ ಇದ್ದಾಗ ಒಬ್ಬನನ್ನು ಶಿಕ್ಷಿಸಲು ಕನಿಷ್ಠ ಎರಡು ಮೂರು ಸಾಕ್ಷಿಗಳು ಒಂದೇ ಥರ ಹೇಳಬೇಕು ಅನ್ನುವ ಅಳತೆಯನ್ನು ಒಪ್ಪಿದ್ದೂ ಅದೇ ಕೇಸು ಎಂದರು. ಊರ ಜಗಳದಲ್ಲಿ ಹೆಸರು ತುಂಬುವುದು ಹೊಸದೇನಲ್ಲ. ಅಪ್ಪ, ಅಣ್ಣ, ಶಹರದಲ್ಲಿ ಕಾಲೇಜು ಓದುವ ಹುಡುಗ, ಎಲ್ಲರನ್ನೂ ಸೇರಿಸುತ್ತಾರೆ. ಕೋರ್ಟುಗಳಿಗೂ ಇದು ಗೊತ್ತು.

ಲೆಕ್ಕದ ಮನುಷ್ಯನಾದ ನನಗೆ ಇಷ್ಟವಾದ ಒಂದು ಭಾಗ ಇದೆ. ಐದು ಅನ್ನುವ ಸಂಖ್ಯೆ. ಹನ್ನೊಂದರಲ್ಲಿ ಏಳು ಜನ ಬಿಡುಗಡೆ ಆಗಿ ನಾಲ್ಕೇ ಉಳಿದರೆ ಕೂಟವೇ ಇಲ್ಲ, 190 ಬಿದ್ದುಹೋಗುತ್ತದಾ? ಹೆಸರಿಸಿದ ಅಷ್ಟೇ ಜನ ಇದ್ದರು ಅನ್ನುವ ಕೇಸಾದರೆ ಹೌದು. ಆದರೆ "ಹಾಗೂ ಇತರರು" ಇದ್ದರು, ಗುರುತು ಸಿಕ್ಕಿಲ್ಲ, ಒಟ್ಟು ಐದಕ್ಕೆ ಕಮ್ಮಿ ಇರಲಿಲ್ಲ ಅಂತ ಕೋರ್ಟಿಗೆ ಖಾತ್ರಿಯಾದರೆ ನಾಲ್ಕು ಜನರಿಗೂ 190ರಲ್ಲಿ ಶಿಕ್ಷೆ ಆಗಬಹುದು. ನಮ್ಮ ಎಫ್‌ಐಆರ್‌ನಲ್ಲಿ ಆ "ಇತರರು" ಇಲ್ಲ. ವಕೀಲರು ಅದಕ್ಕೂ ಒಂದು ಗೆರೆ ಎಳೆದಿದ್ದರು. ಇನ್ನು 190 ಬಿದ್ದರೂ 3(5) ಅಂತ ಒಂದಿದೆ, ಹಳೆಯ 34, ಅದಕ್ಕೆ ಇಬ್ಬರಿದ್ದರೂ ಸಾಕು, ಆದರೆ ಎಲ್ಲರ ಮನಸ್ಸಿನಲ್ಲೂ ಅದೇ ಇರಾದೆ ಇತ್ತು, ಕೈ ಜೋಡಿಸಿದರು ಅಂತ ತೋರಿಸಬೇಕು.

191(3) ಬಗ್ಗೆಯೂ ಒಂದು ಮಾತು, ಏಕೆಂದರೆ ಇದನ್ನು ಎಲ್ಲರ ಮೇಲೂ ಹಾಕಿಬಿಡುತ್ತಾರೆ. ಮಾರಕ ಆಯುಧ ಹಿಡಿದು ದೊಂಬಿ ಮಾಡಿದವನಿಗೆ ಅದು. ಆಯುಧ ಯಾರ ಕೈಯಲ್ಲಿ ಇತ್ತೋ ಅವನಿಗೆ. ಐಪಿಸಿಯಲ್ಲಿ 148 ಇದ್ದಾಗ ಮೂರು ವರ್ಷ, ಹೊಸ ಸಂಹಿತೆಯಲ್ಲಿ ಐದು ವರ್ಷಕ್ಕೆ ಏರಿಸಿದ್ದಾರೆ. ಹೊಸ ಕಾನೂನು ಬಂದು ಏನೂ ಬದಲಾಗಿಲ್ಲ ಅನ್ನುವವರಿಗೆ ಇದನ್ನು ತೋರಿಸಿ.

ಇಷ್ಟೆಲ್ಲ ಆದ ಮೇಲೆ ವಕೀಲರು ಹೇಳಿದ್ದು, ನಾನು ತಮ್ಮನ ಕೇಸು ಮಾತ್ರ ಹಿಡಿಯುತ್ತೇನೆ, ಹನ್ನೊಂದೂ ಜನರದ್ದು ಹಿಡಿಯಲ್ಲ. ನನಗೆ ಸಿಟ್ಟು ಬಂತು, ಬಂದ ಗಿರಾಕಿ ಬೇಡ ಅನ್ನುವವರು ಎಂಥವರು ಅಂತ. ಕಾರಣ ಕೇಳಿ ಸುಮ್ಮನಾದೆ. ಹೊಡೆದವನಿಗೂ ಓಡಿ ಬಂದವನಿಗೂ ನಾನೇ ನಿಂತರೆ, ಓಡಿ ಬಂದವನ ಪರವಾಗಿ ಹೇಳಬೇಕಾದ ಮುಖ್ಯ ಮಾತನ್ನೇ ಹೇಳಲು ಆಗಲ್ಲ, ಹೇಳಿದರೆ ಹೊಡೆದವನಿಗೆ ದ್ರೋಹ.

ಇದನ್ನು ಕಾಕಾಗೆ ಹೇಳುವುದು ಕೋರ್ಟಿಗಿಂತ ಕಷ್ಟ ಆಯಿತು. "ನಮ್ಮೆಲ್ಲರಿಗೂ ಹಿಂದ ಬಿಟ್ಟು ನೀವಷ್ಟೇ ಪಾರಾಗ್ತೀರೇನು?" ಎಂದರು. ಕಾಕೂ ಒಂದು ತಿಂಗಳು ನಮ್ಮ ಮನೆ ಕಡೆ ನೋಡಲಿಲ್ಲ. ಅವ್ವ ಇಬ್ಬರ ನಡುವೆ ಸಿಕ್ಕು ಎರಡೂ ಮನೆಯಲ್ಲಿ ಅತ್ತಳು. ನಾನು ಕಾಕಾನ ಹತ್ತಿರ ಹೋಗಿ ಕೂತು ಹೇಳಿದೆ, ಕಾಕಾ, ತಮ್ಮ ಹೊರಗೆ ಇದ್ದರೆ ನಿಮಗೂ ಅನುಕೂಲ, ಜಾಮೀನಿಗೆ ಪಹಣಿ ತೆಗೆಸುವವರು ಯಾರು, ರಾಶಿ ಮಾಡುವವರು ಯಾರು ಅಂತ. ಅವರು ಉತ್ತರ ಕೊಡಲಿಲ್ಲ, ಕೊನೆಗೆ ಚಹಾ ಮಾತ್ರ ಕುಡಿದು ಹೋಗು ಎಂದರು. ಅದನ್ನು ಒಪ್ಪಿಗೆ ಅಂತ ತಿಳಿದೆ.

ಅರ್ಜಿಯಲ್ಲಿ ಈ ವಕೀಲರು ಏನನ್ನೂ ಅಲ್ಲಗಳೆಯಲಿಲ್ಲ. ಹೋಗಿದ್ದ, ಬಾಡಿಗೆಗೆ ಹೋಗಿದ್ದ, ಸೀಟಿನಿಂದ ಇಳಿಯಲಿಲ್ಲ, ಕೈಯಲ್ಲಿ ಏನೂ ಇರಲಿಲ್ಲ, ಗಾಯಾಳುವೇ ತನ್ನ ದೂರಿನಲ್ಲಿ ಕೊಡಲಿಯಿಂದ ಹೊಡೆದವನು ಒಬ್ಬ ಅಂತ ಹೆಸರು ಹೇಳಿದ್ದಾರೆ, ಹೊಡೆತ ಆದ ತಕ್ಷಣ ಇವನು ಹೊರಟುಬಂದ. ಮೊದಲನೆಯವರು ಮುಚ್ಚಿಡಲು ನೋಡಿದ ವಿಡಿಯೋವನ್ನೇ ಇವರು ಎದುರಿಗಿಟ್ಟರು, ಅದರಲ್ಲಿ ತಮ್ಮ ಸೀಟಿನ ಮೇಲೆ ಕೂತದ್ದು, ಟ್ರ್ಯಾಕ್ಟರ್ ತಿರುಗಿಸಿದ್ದು ಚೊಕ್ಕಟ ಕಾಣುತ್ತದೆ. ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು ಸಿಕ್ಕಿತು. ಶೂರಿಟಿ, ಬಾಂಡು, ವಾರಕ್ಕೊಮ್ಮೆ ಠಾಣೆಗೆ ಹಾಜರಿ, ಸಾಕ್ಷಿಗಳನ್ನು ಮಾತಾಡಿಸಬಾರದು. ಕಾಕಾನ ದೊಡ್ಡ ಮಗನಿಗೆ ಸಿಗಲಿಲ್ಲ, ಒಳಗೆ ಹೋಗಿ ಕೆಲವು ವಾರ ಇದ್ದು ಬಂದ. ಉಳಿದವರು ಮೊದಲನೇ ವಕೀಲರನ್ನು ಬಿಟ್ಟು ಬೇರೆ ಬೇರೆ ಕಡೆ ಹೋಗಿ ಒಬ್ಬೊಬ್ಬರಾಗಿ ಪಡೆದರು. ಆ 1,65,000ದಲ್ಲಿ ಎಷ್ಟು ವಾಪಸ್ ಬಂತು ಅಂತ ಕೇಳಬೇಡಿ.

ಇದೆಲ್ಲ ಆಗಿ ಯುಗಾದಿ ಹೊತ್ತಿಗೆ ಹಿರಿಯರು ಕೂತು ರಾಜಿ ಮಾಡಿಸಿದರು. ಮುಳ್ಳು ಹೋಯಿತು, ದಾರಿ ಬಿಟ್ಟರು, ಆಸ್ಪತ್ರೆ ಖರ್ಚು ಕೊಟ್ಟೆವು. ಎಲ್ಲರೂ ಕೇಸ್ ಮುಗಿಯಿತು ಅಂದುಕೊಂಡು ಹೋಳಿಗೆ ತಿಂದರು. ವಕೀಲರಿಗೆ ಫೋನ್ ಮಾಡಿದರೆ ನಕ್ಕರು. ಹೊಡೆತ, ಬೈಗುಳ, ಅಂದರೆ 115(2), 352, ಇವಕ್ಕೆ ರಾಜಿ ಇದೆ. ಅಕ್ರಮ ಕೂಟಕ್ಕೆ, ದೊಂಬಿಗೆ, 118(2)ಕ್ಕೆ ಇಲ್ಲ. ಮೊದಲ ಎರಡು ಸಾರ್ವಜನಿಕ ನೆಮ್ಮದಿಯ ವಿರುದ್ಧದ ಅಪರಾಧ, ಮೂರನೆಯದು ತೀವ್ರ ಗಾಯದ್ದು, ಇಬ್ಬರು ಕೈ ಕುಲುಕಿದ ಮಾತ್ರಕ್ಕೆ ಕೆಳಗಿನ ಕೋರ್ಟು ಮುಚ್ಚಲು ಬರುವುದಿಲ್ಲ. ಇದಕ್ಕೆ ಹೈಕೋರ್ಟಿಗೆ ಹೋಗಬೇಕು, ಸುರಕ್ಷಾ ಸಂಹಿತೆಯ 528ರಲ್ಲಿ ರದ್ದು ಮಾಡಿ ಅಂತ ಕೇಳಬೇಕು. 2012ರ ಜ್ಞಾನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ದಾರಿ ತೋರಿಸಿದೆ, ಕೊಲೆ, ಅತ್ಯಾಚಾರ, ದರೋಡೆಯಂಥವಕ್ಕೆ ಬಿಟ್ಟು. ಕೊಡುವುದು ಬಿಡುವುದು ಹೈಕೋರ್ಟಿನ ವಿವೇಚನೆ.

ನಮ್ಮ ಪುಣ್ಯ, ಹೈಕೋರ್ಟ್ ಪೀಠ ಕಲಬುರಗಿಯಲ್ಲೇ ಇದೆ. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಅದಕ್ಕೆ ಮೊದಲು ಇಂಥ ಒಂದು ಕಾಗದಕ್ಕೆ ರಾತ್ರಿ ಪೂರ್ತಿ ರೈಲಿನಲ್ಲಿ ಕೂತು ಬೆಂಗಳೂರಿಗೆ ಹೋಗಬೇಕಿತ್ತು, ಹನ್ನೊಂದು ಜನರ ಟಿಕೆಟ್ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ನಮ್ಮ ರಾಜಿ ಅರ್ಜಿ ಈಗ ಅಲ್ಲಿದೆ. ಇದರಲ್ಲಿ ಮಾತ್ರ ಹನ್ನೊಂದೂ ಜನ ಮತ್ತೆ ಒಟ್ಟಿಗೆ ಸಹಿ ಮಾಡಿದ್ದಾರೆ, ಕಾಕಾನ ಸಹಿ ಕೆಳಗೇ ತಮ್ಮನ ಸಹಿ.

ಈಗ ರೇಟಿಂಗ್. ಮೊದಲನೆಯವರಿಗೆ ಐದರಲ್ಲಿ ಒಂದು, ಅದೂ ಚಹಾಕ್ಕೆ. ಎರಡನೆಯವರಿಗೆ ನಾಲ್ಕು. ಜಾಮೀನು ಅರ್ಜಿಗೆ ಒಟ್ಟು ಇಪ್ಪತ್ತೈದು ಸಾವಿರ ತಗೊಂಡರು, ಕೋರ್ಟ್ ಖರ್ಚು, ಟೈಪಿಂಗ್ ಎಲ್ಲ ಸೇರಿ, ರಸೀದಿ ಕೊಟ್ಟರು. ಒಂದು ಸ್ಟಾರ್ ಕಡಿದದ್ದು ಫೋನಿಗೆ. ಸಂಜೆ ಆರರ ತನಕ ಎತ್ತುವುದೇ ಇಲ್ಲ, ಆಮೇಲೆ ಎತ್ತಿದರೆ "ಯಾರು?" ಅಂತ ಕೇಳುತ್ತಾರೆ, ಆರು ತಿಂಗಳಾದರೂ ನಂಬರ್ ಸೇವ್ ಮಾಡಿಕೊಂಡಿಲ್ಲ. ಟ್ರ್ಯಾಕ್ಟರ್ ಬಿಡಿಸುವ ಅರ್ಜಿಯನ್ನೂ ತಡ ಮಾಡಿದರು, ರಾಶಿಯ ಸೀಜನ್ ಅರ್ಧ ಕೈಬಿಟ್ಟಿತು. ಅದು ಸಣ್ಣ ನಷ್ಟ ಅಲ್ಲ, ಕಂತು ಕಟ್ಟುವವರಿಗೆ ಗೊತ್ತು. ಮತ್ತೆ ಆ ಫ್ಯಾನ್. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಫ್ಯಾನ್ ಬಂದ್ ಇಟ್ಟು ಗಿರಾಕಿಯನ್ನು ಕೂರಿಸುವುದಕ್ಕೆ ಯಾವುದಾದರೂ ಕಲಂ ಇದ್ದರೆ ಹುಡುಕಬೇಕು.

ಹೋಗುವವರಿಗೆ ಒಂದೆರಡು ಮಾತು. ಎಫ್‌ಐಆರ್ ನಕಲಿಗೆ ಯಾರಿಗೂ ರೊಕ್ಕ ಕೊಡಬೇಡಿ. 2016ರಲ್ಲೇ ಸುಪ್ರೀಂ ಕೋರ್ಟು ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದವನ್ನು ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು ಎಂದಿದೆ. ತಾರೀಖು ಯಾವಾಗ ಅಂತ ಗುಮಾಸ್ತರನ್ನು ಕಾಡುವುದಕ್ಕಿಂತ ಇ-ಕೋರ್ಟ್ಸ್ ಆ್ಯಪಿನಲ್ಲಿ ಕೇಸಿನ ಸಿಎನ್‌ಆರ್ ನಂಬರ್ ಹಾಕಿ ನೋಡಿ, ಪುಕ್ಕಟೆ. ಫೀಸಿಗೆ ರೊಕ್ಕ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಜೈಲಿನಲ್ಲಿ ಇರುವವರು, ಕಡಿಮೆ ಆದಾಯದವರು, ಇವರಿಗೆಲ್ಲ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಸಹಾಯವಾಣಿ 15100. ಮತ್ತೆ ಆಫೀಸಿನಲ್ಲಿ ಕೂತ ಮೇಲೆ ವಕೀಲರ ಮೊದಲ ಪ್ರಶ್ನೆ ಗಮನಿಸಿ. ಎಷ್ಟು ಮಂದಿ ಅಂತ ಕೇಳಿ, ನೀನು ಎಲ್ಲಿ ನಿಂತಿದ್ದಿ ಅಂತ ಕೇಳದೇ ಇದ್ದರೆ ಚಹಾ ಕುಡಿದು ಎದ್ದು ಬನ್ನಿ.

ತಮ್ಮನ ವಿಷಯ. ಟ್ರ್ಯಾಕ್ಟರ್ ಬಂದಿದೆ, ಬಾಡಿಗೆ ಮತ್ತೆ ಶುರು ಮಾಡಿದ್ದಾನೆ. ಆದರೆ ಟ್ರಾಲಿಯಲ್ಲಿ ನಾಲ್ಕು ಜನರಿಗಿಂತ ಜಾಸ್ತಿ ಹತ್ತಿಸುವುದಿಲ್ಲ. ಹಂಗಲ್ಲಪಾ, ಉದ್ದೇಶ ನೋಡತಾರ ಅಂತ ವಕೀಲರೇ ಫೋನಿನಲ್ಲಿ ಹೇಳಿದರೂ ಕೇಳಲಿಲ್ಲ. ಮೊನ್ನೆ ನಮ್ಮದೇ ಹೊಲಕ್ಕೆ ಹತ್ತು ಮಂದಿ ಹೆಣ್ಣಾಳು ಕಳೆ ತೆಗೆಯಲು ಹೊರಟಿದ್ದರು. ಮೂರು ಸಲ ಹೋಗಿ ಬಂದ. ಅವ್ವ ಡೀಸೆಲ್ ರೊಕ್ಕ ನನ್ನ ಹತ್ತಿರ ಕೇಳಿದಳು.